ಮರಳಿನಂಚಿನ ಅರಾವಳಿ

ಪರ್ವತವೆಂದರೆ ಮುಗಿಲನ್ನು ತಡೆದು ಮಳೆಗರೆಯಿಸುವ ಗೋಡೆ ಎಂಬುದು ಸಹ್ಯಾದ್ರಿಯನ್ನು ಬಲ್ಲ ನಮ್ಮ ಭಾವನೆ. ರಾಜಸ್ಥಾನದ ಅರಾವಳಿಯ ಬಗೆಯೇ ಬೇರೆ. ಗುಜರಾತಿನ ಅಂಚಿನಿಂದ ದೆಹಲಿಯವರೆಗೆ ಸುಮಾರು 690 ಕಿಲೋಮೀಟರ್ ಹಬ್ಬಿದ ಈ ಪುರಾತನ ಶ್ರೇಣಿ ಅರಬ್ಬೀ ಸಮುದ್ರದ ಮಾರುತಗಳಿಗೆ ಅಡ್ಡ ನಿಲ್ಲದೆ, ಅವುಗಳ ಜೊತೆಯಲ್ಲೇ ಈಶಾನ್ಯಕ್ಕೆ ಸಾಗುತ್ತದೆ. ಥಾರ್ ಮರುಭೂಮಿಯ ಅನಾವೃಷ್ಟಿಗೆ ಇದೂ ಒಂದು ಕಾರಣ. ಅಬುವಿನ ಗುರುಶಿಖರ 1722 ಮೀಟರ್ ಎತ್ತರವಿದ್ದರೂ, ದೆಹಲಿ ಸೇರುವ ಹೊತ್ತಿಗೆ ಬೆಟ್ಟಗಳು ಬರಿಯ ದಿಣ್ಣೆಗಳಾಗುತ್ತವೆ.

ಆದರೂ ಅರಾವಳಿಯ ಉಪಕಾರ ದೊಡ್ಡದು. ಪೂರ್ವಕ್ಕೆ ಸರಿಯುವ ಮರಳನ್ನು ಅದು ತಡೆಯುತ್ತದೆ. ಬಿರುಕುಬಿಟ್ಟ ಬಂಡೆಗಳ ಮೂಲಕ ಮಳೆನೀರನ್ನು ನೆಲದೊಳಕ್ಕೆ ಇಳಿಸುತ್ತದೆ. ಇಲ್ಲಿನ ಮುಖ್ಯ ವೃಕ್ಷವಾದ ಧೋಕ್ ನಮ್ಮ ದಿಂಡಿಗದ ಹತ್ತಿರದ ಬಂಧು. ಬೇಸಿಗೆಯಲ್ಲಿ ಬೋಳಾಗಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಈ ಕಾಡನ್ನು ನಂಬಿ ಕಡವೆ, ನೀಲಗಾಯಿ, ಕತ್ತೆಕಿರುಬ, ಚಿರತೆಗಳು ಬಾಳುತ್ತವೆ.

ಆ ಬಾಳು ಎಷ್ಟು ಸೂಕ್ಷ್ಮವೆಂಬುದಕ್ಕೆ ಸರಿಸ್ಕಾ ಸಾಕ್ಷಿ. ಕಳ್ಳಬೇಟೆಯಿಂದಾಗಿ 2005ರ ಹೊತ್ತಿಗೆ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರಿನಲ್ಲಿ ಹುಲಿಗಳನ್ನು ತಂದುಬಿಟ್ಟರು. ಸಂತತಿ ಮತ್ತೆ ಬೆಳೆಯಿತು. ಆದರೆ ಪರಿಶೀಲಿಸಿದ 128 ಗುಡ್ಡಗಳಲ್ಲಿ 31 ಮಾಯವಾಗಿವೆಯೆಂಬ ವರದಿ 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಹುಲಿಯನ್ನಾದರೂ ಹೊತ್ತು ತರಬಹುದು. ಗಣಿಗೆ ಕರಗಿದ ಬೆಟ್ಟವನ್ನು ಎಲ್ಲಿಂದ ತರೋಣ?