ಮೊದಲು ಹೊಲ, ಅನಂತರ ಯಂತ್ರ
ಚಾಲಕರಹಿತ ಕೃಷಿ ಯಂತ್ರಗಳು ಮತ್ತು ನಮ್ಮ ಉದ್ಯಮಿಗಳ ಮುಂದಿರುವ ಅವಕಾಶ

ಚಾಲಕನಿಲ್ಲದೆ ಉಳುವ ಟ್ರಾಕ್ಟರು ಈಗ ಕೇವಲ ಪ್ರದರ್ಶನದ ವಸ್ತುವಲ್ಲ. ಜಪಾನಿನ ಕುಬೋಟ ಸಂಸ್ಥೆಯು 2017ರಲ್ಲಿ, ಮೇಲ್ವಿಚಾರಕನ ಸಮ್ಮುಖದಲ್ಲಿ ತಾನಾಗಿ ನಡೆಯುವ ಟ್ರಾಕ್ಟರನ್ನು ಸೀಮಿತ ಮಾರಾಟಕ್ಕೆ ತಂದಿತು. ಅಮೆರಿಕದ ಜಾನ್ ಡೀರ್ ಸಂಸ್ಥೆ 2022ರ ಜನವರಿಯಲ್ಲಿ ತನ್ನ ಸ್ವಯಂಚಾಲಿತ ಟ್ರಾಕ್ಟರನ್ನು ಅನಾವರಣಗೊಳಿಸಿತು. ಇಂತಹ ಯಂತ್ರಗಳು ನಮ್ಮ ಜಿಲ್ಲೆಗೆ ಎಂದು ಬರುತ್ತವೆ ಎಂಬುದಕ್ಕಿಂತ, ಅವು ನಡೆಯಲು ನಮ್ಮ ಹೊಲಗಳು ಸಿದ್ಧವಾಗಿವೆಯೇ ಎಂಬ ಪ್ರಶ್ನೆಯೇ ಉದ್ಯಮಿಗಳಿಗೆ ಮುಖ್ಯವಾದುದು.

ಜಪಾನಿನ ಪಾಠ

ಜಪಾನಿನಲ್ಲಿ 1960ರ ದಶಕದಿಂದಲೇ ಗದ್ದೆಗಳನ್ನು 100 ಮೀಟರ್ ಉದ್ದ, 30 ಮೀಟರ್ ಅಗಲದ ತಾಕುಗಳಾಗಿ ಮರುವಿಂಗಡಿಸುವ ಕಾರ್ಯ ನಡೆಯಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 30 ಗುಂಟೆ. ತಾಕುಗಳಿಗೆ ದಾರಿ, ನೀರುಗಾಲುವೆ ಮತ್ತು ಬಸಿಗಾಲುವೆಗಳನ್ನೂ ಒದಗಿಸಲಾಯಿತು. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರು ಎಕರೆಗೂ ಮಿಗಿಲು. ಆದುದರಿಂದ ಹಿಡುವಳಿ ಚಿಕ್ಕದೆಂಬುದೊಂದೇ ಅಡಚಣೆಯಲ್ಲ. ವಕ್ರವಾದ ಬದು ಮತ್ತು ದಾರಿಯ ಅಭಾವಗಳೇ ದೊಡ್ಡ ತೊಡಕು.

ತಿರುವಿನ ಲೆಕ್ಕ

ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು 64 ಮೀಟರ್. ಯಂತ್ರ ತಿರುಗಲು ಎರಡೂ ತುದಿಗಳಲ್ಲಿ ತಲಾ 4 ಮೀಟರ್ ಬಿಟ್ಟರೆ 5 ಗುಂಟೆ ತಿರುವಿಗೇ ಸಲ್ಲುತ್ತದೆ. ಇಂತಹ ಎರಡು ಹೊಲಗಳಿಗೆ ಪ್ರತ್ಯೇಕವಾಗಿ 10 ಗುಂಟೆ ಬೇಕು. ನೆರೆಯ ಇಬ್ಬರು ರೈತರು ಒಪ್ಪಿ ಹೊಲಗಳನ್ನು ಉದ್ದಕ್ಕೆ ಒಂದೇ ಸಾಲಿನಲ್ಲಿ ಬಿತ್ತಿದರೆ ಎರಡಕ್ಕೂ ಸೇರಿ 5 ಗುಂಟೆ ಸಾಕು. ಬದು ಅಳಿದರೂ ಹದ್ದುಬಸ್ತಿನ ಕಲ್ಲು ಅಳಿಯಬಾರದು.

ಸಿದ್ಧತೆಯ ಕ್ರಮ

ಮೊದಲನೆಯದು ಸಮತಟ್ಟು. ಲೇಸರ್ ಸಾಧನದಿಂದ ಮಟ್ಟ ಮಾಡಿದ ಗದ್ದೆಯಲ್ಲಿ ನೀರು ಒಂದೇ ಸಮನೆ ನಿಲ್ಲುತ್ತದೆ. ಆದರೆ ಮೇಲ್ಮಣ್ಣನ್ನು ಅತಿಯಾಗಿ ಕೆರೆದರೆ ಬೆಳೆ ಸೊರಗುತ್ತದೆ. ಎರಡನೆಯದು ಸ್ಥಾನ ನಿರ್ಣಯ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಮೆಕ್ಕೆಜೋಳದ ಸಾಲುಗಳ ಅಂತರವೋ ಕೇವಲ 60 ಸೆಂಟಿಮೀಟರ್. ಸ್ಥಿರ ಕೇಂದ್ರದ ತಿದ್ದುಪಡಿ ಸಂಕೇತ ದೊರೆತರೆ ನಿಖರತೆ 2-3 ಸೆಂಟಿಮೀಟರಿಗೆ ಇಳಿಯುತ್ತದೆ. ಮೂರನೆಯದು ಅಡೆತಡೆಗಳ ನಕ್ಷೆ: ಬಾವಿ, ವಿದ್ಯುತ್ ಕಂಬದ ಎಳೆತಂತಿ, ಪಂಪ್‌ಸೆಟ್ಟಿನ ಪೈಪು ಎಲ್ಲವೂ ಅದರಲ್ಲಿರಬೇಕು. ಜನ, ದನಕರುಗಳು ಓಡಾಡುವ ಕಡೆ ಕಾವಲುಗಾರನೂ ತುರ್ತು ನಿಲುಗಡೆಯ ಗುಂಡಿಯೂ ಅನಿವಾರ್ಯ.

ಬೆಳೆಗೆ ತಕ್ಕಂತೆ ಸಮಸ್ಯೆಯೂ ಬೇರೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಯಲ್ಲಿ ಚಕ್ರ ಹೂತುಹೋಗುವ ಭಯ. ಚನ್ನಗಿರಿಯ ಅಡಿಕೆ ತೋಟದಲ್ಲಿ ಗರಿಗಳ ಚಪ್ಪರ ಉಪಗ್ರಹ ಸಂಕೇತವನ್ನು ಮರೆಮಾಡುತ್ತದೆ.

ಸ್ಥಳೀಯ ಉದ್ಯಮದ ಪಾಲು

1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರಕ್ಕೆ ಲೇತ್ ಯಂತ್ರಗಳ ಊರೆಂಬ ಹೆಸರು ತಂದಿತ್ತು. ಕಾರ್ಖಾನೆ ಮುಚ್ಚಿದರೂ ಲೋಹದ ಕೆಲಸದ ಆ ಪರಂಪರೆ ನಮ್ಮ ಬಂಡವಾಳವೇ. ಯಂತ್ರದ ಮಿದುಳು ಹೊರಗಿನಿಂದ ಬರಬಹುದು. ಆದರೆ ಮಟ್ಟ ಮಾಡುವ ಬಕೆಟ್, ಕೆಸರಿಗೆ ತಕ್ಕ ಕೇಜ್ ವೀಲ್, ಕಾಲುವೆ ದಾಟಿಸುವ ಕಬ್ಬಿಣದ ಹಲಗೆ, ಸಾಲು ಬಿತ್ತನೆಯ ಕೂರಿಗೆ ಇವೆಲ್ಲ ಇಲ್ಲಿಯೇ ತಯಾರಾಗಬಲ್ಲವು. ಇಂದಿನ ಟ್ರಾಕ್ಟರಿಗೂ ಇವು ಬೇಕಾದುದರಿಂದ ಹೂಡಿದ ಹಣ ಚಾಲಕರಹಿತ ಯಂತ್ರಕ್ಕಾಗಿ ಕಾಯಬೇಕಿಲ್ಲ.

ಹೊಲ ಅಣಿಯಾಗದೆ ಸಾಲ ಮಾಡಿ ಯಂತ್ರ ತಂದವರಿಗೆ ಬಡ್ಡಿಯ ಹೊರೆ ತಪ್ಪದು. ಆದ್ದರಿಂದ ಸದಸ್ಯರು ಮೊದಲು ಒಂದೇ ಕಾಲುವೆಯಡಿಯ ಕೆಲವು ರೈತರೊಡನೆ ಹಾಗೂ ಬಾಡಿಗೆ ಯಂತ್ರ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು, ಒಂದು ಹಂಗಾಮಿನ ಮಟ್ಟಸ ಕಾಮಗಾರಿಯ ಖರ್ಚು ವೆಚ್ಚವನ್ನು ಬರೆದಿಡುವುದು ಒಳಿತು. ಮುಂದಿನ ಹೂಡಿಕೆಗೆ ಆ ಲೆಕ್ಕವೇ ಆಧಾರವಾಗಲಿ.