ಟಾಟಾ ಇನ್‌ಸ್ಟಿಟ್ಯೂಟಿನ ಮೈಕ್ರೋವೇವ್ ಪ್ರೊಫೆಸರ್

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1953ರಲ್ಲಿ ಹೊಸ ಅಧ್ಯಾಪಕಿಯೊಬ್ಬರು ಬಂದರು. ಮಿಷಿಗನ್ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದು ಆಗಷ್ಟೇ ಮರಳಿದ್ದ ರಾಜೇಶ್ವರಿ ಅವರು. ರಾಜೇಶ್ವರಿ ಚಟರ್ಜಿ ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಗೌರವದಿಂದ ನೆನೆಯುತ್ತೇವೆ. ಅವರು ಮಾಡಿದ ಕೆಲಸದ ಪರಿಚಯ ಮಾತ್ರ ನಮಗೆ ಕಡಿಮೆ.

ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಓದಿಗೆ ಮನೆಯಲ್ಲಿ ಅಡ್ಡಿಯಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮುಗಿಸಿ 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಂಶೋಧನೆಗೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಸ್ನಾತಕೋತ್ತರ ಪದವಿಯ ನಂತರ ಎಂಟು ತಿಂಗಳು ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರೇಡಿಯೋ ಆವರ್ತನಗಳ ಅಳತೆಯ ತರಬೇತಿ. ಅದಾದ ಮೇಲೆ ಪ್ರೊ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ.

ಎರಡನೆಯ ಮಹಾಯುದ್ಧದ ರೇಡಾರ್‌ನಿಂದ ಮೈಕ್ರೋವೇವ್ ವಿದ್ಯೆ ಬಲಿತಿತ್ತು. ಈ ತರಂಗಗಳ ಉದ್ದ ಮೀಟರಿನಿಂದ ಮಿಲಿಮೀಟರಿನವರೆಗೆ. ಸಾಮಾನ್ಯ ತಂತಿಯಲ್ಲಿ ಇವನ್ನು ಸಾಗಿಸಹೋದರೆ ಶಕ್ತಿ ಸೋರಿಹೋಗುತ್ತದೆ. ಟೊಳ್ಳು ಲೋಹದ ಕೊಳವೆಗಳು ಬೇಕಾಗುತ್ತವೆ. ಭಾರತದಲ್ಲಿ ಈ ವಿದ್ಯೆಗೆ ಇನ್ನೂ ನೆಲೆ ಸಿಗಬೇಕಿದ್ದ ಕಾಲದಲ್ಲಿ ರಾಜೇಶ್ವರಿ ಮತ್ತು ಟಾಟಾ ಇನ್‌ಸ್ಟಿಟ್ಯೂಟಿನ ತಮ್ಮದೇ ವಿಭಾಗದಲ್ಲಿ ಅಧ್ಯಾಪಕರಾಗಿದ್ದ ಪತಿ ಶಿಶಿರ್ ಕುಮಾರ್ ಚಟರ್ಜಿ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು.

ಅವರ ಆಸಕ್ತಿಯ ವಿಷಯಗಳಲ್ಲಿ ಡೈಎಲೆಕ್ಟ್ರಿಕ್, ಎಂದರೆ ವಿದ್ಯುತ್ ಹರಿಯಗೊಡದ ವಸ್ತುವಿನ, ಆಂಟೆನಾ ಮುಖ್ಯವಾದುದು. ಆಂಟೆನಾ ಎಂದರೆ ಲೋಹದ್ದೇ ಆಗಿರಬೇಕೆಂದು ನಾವು ತಿಳಿದಿರುತ್ತೇವೆ. ಇಲ್ಲಿ ಕೊಳವೆಯ ಬಾಯಿಗೆ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕಿನ ಕೋಲನ್ನು ಸಿಕ್ಕಿಸುತ್ತಾರೆ. ತರಂಗದ ಒಂದು ಪಾಲು ಕೋಲಿನೊಳಗೆ, ಇನ್ನೊಂದು ಪಾಲು ಅದರ ಮೈಗಂಟಿಕೊಂಡು ಹೊರಗೆ ಸಾಗಿ, ತುದಿಯಿಂದ ನೇರ ಮುಂದಕ್ಕೆ ಹೊರಡುತ್ತದೆ. ಕೋಲು ಒಂದು ಮಿತಿಯವರೆಗೆ ಉದ್ದವಾದಷ್ಟೂ ಕಿರಣ ಕಿರಿದಾಗುತ್ತದೆ. ಎಷ್ಟು ಪಾಲು ಒಳಗೆ, ಎಷ್ಟು ಹೊರಗೆ ಎಂಬುದನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಲೆಕ್ಕ ಹಾಕಬೇಕು, ಬಳಿಕ ಅಳೆದು ತಾಳೆ ನೋಡಬೇಕು. ಸೆಂಟ್ರಲ್ ಕಾಲೇಜಿನ ಗಣಿತ ಮತ್ತು ವಾಷಿಂಗ್ಟನ್ನಿನ ಅಳತೆಯ ಅಭ್ಯಾಸ, ಎರಡನ್ನೂ ಬೇಡುವ ಕೆಲಸವಿದು. ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳಿಗೆ ಒದಗುವ ಆಂಟೆನಾ ಸಂಶೋಧನೆಗಾಗಿ ಅವರ ಹೆಸರು ಉಳಿದಿದೆ.

ನೂರಕ್ಕೂ ಹೆಚ್ಚು ಪ್ರಬಂಧಗಳು, 20 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳು, ‘ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್’, ‘ಆಂಟೆನಾ ಥಿಯರಿ ಅಂಡ್ ಪ್ರಾಕ್ಟೀಸ್’ ಮೊದಲಾದ ಪುಸ್ತಕಗಳು ಅವರ ದುಡಿಮೆಯ ಫಲ. ವಿಭಾಗದ ಮುಖ್ಯಸ್ಥೆಯೂ ಆಗಿದ್ದ ಅವರು 1982ರಲ್ಲಿ ನಿವೃತ್ತರಾದರು. ಆನಂತರ ಮಹಿಳಾ ಅಧ್ಯಯನದ ಕಡೆ ತಿರುಗಿ, ತಮ್ಮ ಮನೆತನದ ಮತ್ತು ಕಾಲದ ಹೆಣ್ಣುಮಕ್ಕಳ ಬದುಕನ್ನು ಬರೆದರು. 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಮೊಬೈಲ್ ಟವರ್, ವೈಫೈ, ಉಪಗ್ರಹ ಸಂಪರ್ಕಗಳೆಲ್ಲ ಇಂದು ನಡೆಯುವುದು ಬಹುಮಟ್ಟಿಗೆ ಮೈಕ್ರೋವೇವ್‌ನ ಬಲದಲ್ಲೇ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಂಟೆನಾ ಪಾಠ ಶುರುಮಾಡುವ ಮೇಷ್ಟರು, ಮೇಡಂಗಳಲ್ಲಿ ಒಂದು ಕೋರಿಕೆ: ಮ್ಯಾಕ್ಸ್‌ವೆಲ್, ಹರ್ಟ್ಸ್, ಜಗದೀಶಚಂದ್ರ ಬೋಸರ ಜೊತೆಗೆ ರಾಜೇಶ್ವರಿ ಚಟರ್ಜಿ ಅವರ ಹೆಸರನ್ನೂ ಹೇಳಿ, ಅವರ ಪುಸ್ತಕವೊಂದನ್ನು ಮಕ್ಕಳ ಕೈಗಿಡಿ.