ಪಾಪರ್ ಚೀಟಿಯೂ ಅಡವಿಟ್ಟ ಮನೆಯೂ

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಸಂಘದ ಮಕ್ಕಳಿಗೆ ‘ದಿವಾಳಿ’ ಎಂದರೆ ಪಣತಿ, ಫರಾಳ. ಮರಾಠಿಯ ಸಹವಾಸ! ಕನ್ನಡದಲ್ಲಿ ದಿವಾಳಿ ಎಂದರೆ ಪಾಪರ್ ಏಳುವುದು ಎಂದಾಗ ಒಬ್ಬಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ನಮ್ಮ ಮನೆ ಬಾಗಿಲಿಗೇ ಬಂದಿತ್ತು.

ನನ್ನ ತಮ್ಮನದು ಘಾಟ್ಕೋಪರ್‌ನಲ್ಲಿ ಬಾಡಿಗೆ ಜಾಗದ ಪುಟ್ಟ ಉಡುಪಿ ಹೋಟೆಲು, ಮುಲುಂಡಿನಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟ್. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು ಮುಚ್ಚಿತು. ಆ ವರ್ಷ ಮಾರ್ಚಿನಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತ್ತು ನಿಜ, ಆದರೆ ಬಡ್ಡಿ ಓಡುತ್ತಲೇ ಇತ್ತು. ಊರಿಗೆ ಹೋದ ಅಡಿಗೆಯವರು ಮರಳಲಿಲ್ಲ. ಕ್ರೆಡಿಟ್ ಕಾರ್ಡು, ಕೈಸಾಲ ಎಂದು ತಮ್ಮ ಎರಡು ವರ್ಷ ತಳ್ಳಿದ. ಹೆಂಡತಿಯ ಬಳೆಗಳೂ ಅಡವಿಗೆ ಹೋದವು.

ಅವನ ದೊಡ್ಡ ತಪ್ಪು ನನಗೆ ಕಂಡಂತೆ ಇದು: ಫೋನಿನಲ್ಲಿ ಬೈಯುತ್ತಿದ್ದ ಕಾರ್ಡಿನವರಿಗೆ ಮೊದಲು ಕೊಟ್ಟ, ಸುಮ್ಮನಿದ್ದ ಮನೆಸಾಲದ ಬ್ಯಾಂಕಿಗೆ ಕೊಡಲಿಲ್ಲ. ಬೈಯುವವನ ಕೈಯಲ್ಲಿ ಫೋನು ಮಾತ್ರ ಇತ್ತು. ಸುಮ್ಮನಿದ್ದವನ ಕೈಯಲ್ಲಿ ಮನೆಯ ಮೂಲಪತ್ರಗಳಿದ್ದವು.

2023ರಲ್ಲಿ ಒಂದು ಸಂಜೆ ಸೋದರಳಿಯ ಬಂದ. ದೇವರ ಪಟದ ಹಿಂದೆ ಅಡಗಿಸಿಟ್ಟಿದ್ದ ಲಕೋಟೆ ಅವನ ಕೈಯಲ್ಲಿತ್ತು. “ಅತ್ತೆ, ಇದು ಬಂದು ಮೂರು ವಾರ ಆಯ್ತು. ಪಾಪರ್ ಚೀಟಿ ತಗೊಂಡ್ರೆ ಮನೆ ಉಳೀತದೆ ಅಂತಾರೆ ಪಪ್ಪ. ಹೌದಾ?”

ಶೇಕ್ಸ್‌ಪಿಯರ್ ಓದಿ ಬಿ.ಎ. ಮಾಡಿದವಳಿಗೂ ಆ ಕಾಗದದ ಇಂಗ್ಲಿಷು ಮೂರು ಸಲ ಓದಿದ ಮೇಲೆ ಅರ್ಥವಾಯಿತು. ಪರಿಚಯದ ವಕೀಲರೊಬ್ಬರಲ್ಲಿಗೆ ಓಡಿದೆವು.

ಅವರು ಹೇಳಿದ್ದಿಷ್ಟು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದರೂ ನಮ್ಮಂಥ ಸಾಮಾನ್ಯರಿಗೆ ಇನ್ನೂ ಹಳೆಯ ಕಾಯಿದೆಗಳೇ. ಮುಂಬಯಿಗೆ 1909ರದ್ದು, ಚೆಕ್‌ನಾಕಾ ದಾಟಿ ಠಾಣೆಗೆ ಹೋದರೆ 1920ರದ್ದು. ಎರಡರಲ್ಲೂ ಕೋರ್ಟಿನ ರಕ್ಷಣೆ ಕಾರ್ಡು, ಕೈಸಾಲ, ಕಿರಾಣಿ ಬಾಕಿಯಂಥ ಅಡವಿಲ್ಲದ ಸಾಲಗಳಿಗೆ. ಅಡವಿನ ವಸ್ತುವಿನ ಮೇಲೆ ಸಾಲ ಕೊಟ್ಟವನ ಹಕ್ಕು ಹಾಗೆಯೇ ಉಳಿಯುತ್ತದೆ. ಮನೆಗೂ ಅಷ್ಟೇ, ಬಳೆಗೂ ಅಷ್ಟೇ.

ಅದಲ್ಲದೆ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಹರಾಜು ಹಾಕಲು ದಾವೆ ಹೂಡಬೇಕಾಗಿಲ್ಲ. ಬಾಕಿ 90 ದಿನ ಮೀರಿದರೆ ಸಾಲ ಕೆಟ್ಟದ್ದೆನಿಸುತ್ತದೆ. ಆಮೇಲೆ 60 ದಿನಗಳ ನೋಟೀಸು. ಅದಕ್ಕೆ ನಾವು ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಲೇಬೇಕು. ಮನೆ ಸ್ವಾಧೀನಕ್ಕೆ ಕೈಹಾಕಿದರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ. ಇದು 2016ರ ತಿದ್ದುಪಡಿ. ಹರಾಜಿನ ಹಿಂದಿನ ದಿನ ಹಣ ತಂದರೂ ಆಯಿತು ಎಂಬ ಹಳಬರ ಮಾತು ನಂಬಬೇಡಿ.

“ಮನೆ ಮಾರಿ ತೀರದ ಸಾಲ ಉಳಿದರೆ?” ಎಂದು ನಾನು ಕೇಳಿದೆ. “ಜಾಮೀನು ಯಾರು?” ಎಂದರು ವಕೀಲರು. ಜಾಮೀನು ನಮ್ಮವರೇ! ಗೃಹಪ್ರವೇಶದ ಪಾಯಸ ಉಂಡು ಹಾಕಿದ ಸಹಿ. ತಮ್ಮ ಪಾಪರ್ ಎದ್ದರೂ ಜಾಮೀನುದಾರನಿಗೆ ಬಿಡುಗಡೆಯಿಲ್ಲವಂತೆ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ತಮ್ಮನಿಗೆ ವಿಷಯ ಹೇಳಿದಾಗ, “ಅಕ್ಕಾ, ಊರಿನಲ್ಲಿ ಏನಂದಾರು?” ಎಂದ. ಸಿಟ್ಟು ಬಂತು, ಬೈದೆ ಕೂಡ. ಮರುದಿನ ಎಲ್ಲರೂ ಬ್ಯಾಂಕಿಗೆ ಹೋದೆವು. ನೋಟೀಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ. ಒಪ್ಪಿಗೆಗೆ ಅರ್ಜಿ ಕೊಟ್ಟೆವು, ಕೊಟ್ಟದ್ದಕ್ಕೆ ಮುದ್ರೆ ಹಾಕಿಸಿಕೊಂಡೆವು. ಅದೇ ಸೊಸೈಟಿಯವರೊಬ್ಬರು ಕೊಳ್ಳಲು ಮುಂದೆ ಬಂದರು. ಅವರ ಹಣ ನೇರವಾಗಿ ಸಾಲದ ಖಾತೆಗೆ ಹೋಯಿತು. ಹರಾಜಿನಲ್ಲಾದರೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಉಳಿದದ್ದರಲ್ಲಿ ಬಳೆ ಬಿಡಿಸಿ, ಕಾರ್ಡಿನವರೊಡನೆ ಚೌಕಾಸಿ ಮಾಡಿ ಬರಹದಲ್ಲಿ ರಾಜಿಯಾದೆವು. ಪಾಪರ್ ಅರ್ಜಿ ಬೇಕಾಗಲೇ ಇಲ್ಲ.

ತಮ್ಮ ಈಗ ಡೊಂಬಿವಲಿಯ ಬಾಡಿಗೆ ಮನೆಯಲ್ಲಿದ್ದಾನೆ, ಬೇರೆಯವರ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾನೆ. ಟಪಾಲು ಡಬ್ಬಿಯ ಕೀಲಿಕೈ ಮಾತ್ರ ಮಗನ ಬಳಿ.